ಕೂಗದೆ ಇಳಿದವರು

ಮಾಸ್ತರು ತೀರಿಕೊಂಡ ಸುದ್ದಿಯನ್ನು ನನಗೆ ಮೊದಲು ಹೇಳಿದವನು ಬಸ್ಸಿನ ಕಂಡಕ್ಟರ್. ಅವರ್ಸಾದಲ್ಲಿ ಬಸ್ಸು ಹತ್ತಿ, ಛತ್ರಿ ಕೊಡವಿ, ಪಾಸು ತೆಗೆಯಲು ಚೀಲಕ್ಕೆ ಕೈ ಹಾಕಿದ್ದೆ. ಆತ ಪಾಸು ಕೇಳಲಿಲ್ಲ. ಕಂಬಿಗೆ ಒರಗಿ ನಿಂತು, ದನಿ ತಗ್ಗಿಸಿ, "ಬಾಯೀ, ಗೊತ್ತಾಯ್ತಾ? ಅಂಕೋಲೆಯ ಆ ನಿಂತ್ಕಂಡೇ ಹೋಗೂ ಮಾಸ್ತರು ಹೋದ್ರಂತೆ. ಮಳೆಗಾಲದ ಜ್ವರ. ಆಸ್ಪತ್ರೆಗೆ ತರೂದ್ರೊಳಗೆ ಕೈಮೀರಿತ್ತಂತೆ" ಎಂದ.

ಆ ಗುರುತು ಕೇಳಿದ ಮೇಲೆ ಹೆಸರು ಬೇಕಾಗಲಿಲ್ಲ. ಇಲ್ಲಿಯೂ ನಾನು ಹೆಸರು ಬರೆಯುವುದಿಲ್ಲ. ಫೋಟೋ ತೆಗೆಯುವಾಗ ಕೂಡ ಯಾರದೋ ಭುಜದ ಹಿಂದೆ ಸರಿದು ನಿಲ್ಲುತ್ತಿದ್ದ ಮನುಷ್ಯ ಅವರು.

ಕಾರವಾರಕ್ಕೆ ಹೋಗುವ ಈ ಬಸ್ಸು ಹೊರಡುವುದು ಅಂಕೋಲೆಯಿಂದ. ಅಲ್ಲಿ ಹತ್ತಿದವರಿಗೆ ಸೀಟು ಸಿಕ್ಕೇ ಸಿಗುತ್ತದೆ. ಮಾಸ್ತರಿಗೂ ದಿನಾ ಸಿಗುತ್ತಿತ್ತು, ಅದೂ ಎಡಬದಿಯ ಕಿಟಕಿ, ಸಮುದ್ರ ಕಾಣುವ ಬದಿ. ಆದರೆ ನಾನು ಅವರ್ಸಾದಲ್ಲಿ ಹತ್ತುವ ಹೊತ್ತಿಗೆ ಅವರು ಎದ್ದು ನಿಂತಿರುತ್ತಿದ್ದರು. ಸೀಟಿನಲ್ಲಿ ಮೀನು ಮಾರಲು ಹೊರಟ ಹೆಂಗಸೋ, ಕೂಸು ಎತ್ತಿಕೊಂಡ ಯಾರೋ, ಇಲ್ಲವೇ ಮಾಸ್ತರಿಗಿಂತ ಗಟ್ಟಿಮುಟ್ಟಾದ ಯಾವನೋ ಕೂತಿರುತ್ತಿದ್ದ. "ಪಾಪ, ಅವ್ನ ಕಾಲು ನೋಯ್ತದಂತೆ ತಂಗೀ" ಎನ್ನುತ್ತಿದ್ದರು ಮಾಸ್ತರು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು. ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಬಂದು ಸಮುದ್ರ ಮರೆಯಾಗುವವರೆಗೂ ಬಗ್ಗಿ ಬಗ್ಗಿ ಕಿಟಕಿಯಾಚೆ ನೋಡುತ್ತಿದ್ದರು. ಕೂತವನಿಗೆ ಸಮುದ್ರದ ಗೊಡವೆಯೇ ಇರುತ್ತಿರಲಿಲ್ಲ, ನಿದ್ದೆ ಹೊಡೆಯುತ್ತಿದ್ದ.

"ಮಾಸ್ತರೆ, ನಿಮಗೆ ಅರ್ಧ ಟಿಕೀಟು ಕೊಡೂಕೆ ಡಿಪೋದಲ್ಲಿ ಕೇಳ್ತೆ" ಎಂದು ಇದೇ ಕಂಡಕ್ಟರ್ ಚೇಷ್ಟೆ ಮಾಡುತ್ತಿದ್ದ. "ಸೀಟು ಸವೆಸೂದೇ ಇಲ್ಲ ನೀವು."

"ನಂಗೇನು ಮಾರಾಯಾ, ನಂಗೆ ಎಲ್ಲಾದ್ರೂ ಜಾಗ ಆಗ್ತದೆ."

ಅದು ಅವರ ಬಾಯಿಯ ಮಾತು. ಊಟಕ್ಕೆ ಬೆಂಚು ಸಾಲದಿದ್ದರೆ, ಮೀಟಿಂಗಿನಲ್ಲಿ ಕುರ್ಚಿ ಕಮ್ಮಿ ಬಿದ್ದರೆ, ಮಳೆಯಲ್ಲಿ ಛತ್ರಿ ಹಂಚಿಕೊಳ್ಳಬೇಕಾದರೆ, ನಂಗೆ ಎಲ್ಲಾದ್ರೂ ಜಾಗ ಆಗ್ತದೆ.

ನಾನು ಕಾರವಾರದ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಸಹಾಯಕಿ. ಬೆಳಿಗ್ಗೆ ಬೀಗ ತೆಗೆದು, ಧೂಳು ಒರೆಸಿ, ಯಂತ್ರಗಳನ್ನು ಹಚ್ಚಿ, ಸಂಜೆ ಆರಿಸಿ ಬರುವುದು ನನ್ನ ಕೆಲಸ. ಮಾಸ್ತರು ಅಲ್ಲಿ ತಾತ್ಕಾಲಿಕ ಉಪನ್ಯಾಸಕರು. ಅವರಂತೆಯೇ ತಾತ್ಕಾಲಿಕವಾಗಿದ್ದ ಇನ್ನೊಬ್ಬರು ಮಾಜಾಳಿಯ ಕಡೆಯವರು. ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಇಬ್ಬರಿಗೂ ವರ್ಷ ವರ್ಷ ಜೂನಿನಲ್ಲಿ ಹೊಸ ನೇಮಕ. ಮೇ ತಿಂಗಳು ಬಂತೆಂದರೆ ಇಬ್ಬರ ಮುಖವೂ ಬಾಡುತ್ತಿತ್ತು. ಕಾಯಂ ಹುದ್ದೆ ಬಂದೀತು, ಬಂದೀತು ಎನ್ನುತ್ತಲೇ ದಿನ ಹೋಗುತ್ತಿತ್ತು. ಬಂದರೂ ಒಂದೇ ಬರುವುದು ಎಂದು ಎಲ್ಲರಿಗೂ ಗೊತ್ತಿತ್ತು. ಆ ಒಂದು ಹುದ್ದೆಯ ಕತೆ ಬಿಟ್ಟು ಮಾಸ್ತರ ಬಗ್ಗೆ ಬರೆಯಲಾರೆ. ಆದರೆ ಅದಕ್ಕೂ ಮೊದಲು ಬನ್ಸಿನ ಕತೆ ಹೇಳಬೇಕು.

ಮಧ್ಯಾಹ್ನದ ಚಹಾದ ಜೊತೆ ನಮ್ಮ ಪ್ಯೂನ್ ಹಮ್ಮಣ್ಣ ಎದುರಿನ ಹೋಟೆಲಿನಿಂದ ಬಾಳೆಹಣ್ಣಿನ ಬನ್ಸು ತರುತ್ತಿದ್ದ. ಲೆಕ್ಕಕ್ಕಿಂತ ಒಂದು ಹೆಚ್ಚು ಬರುತ್ತಿತ್ತು, ಹೋಟೆಲಿನವನ ಪ್ರೀತಿ. ಆ ಒಂದು ತಟ್ಟೆಯಲ್ಲಿ ಉಳಿಯುತ್ತಿತ್ತು.

"ಅಕ್ಕೋರೆ, ತಗಳಿ ನೀವು."

"ನಂಗೆ ಸಾಕು. ನೀವು ಬೆಳಿಗ್ಗೆ ಬರೀ ಗಂಜಿ ಉಂಡು ಬಂದವ್ರು."

"ಗಂಜಿ ಉಂಡವಂಗೆ ಸಂಜೆ ತನ್ಕ ಹಸಿವಿಲ್ಲ ಅಕ್ಕೋರೆ. ನೀವು ಚಾ ಕುಡ್ಕಂಡು ಓಡಿ ಬಂದವ್ರು."

"ಅಯ್ಯೋ ದೇವಾ, ಇವರ ಹತ್ರ ಮಾತಾಡೂದು ಕಷ್ಟ."

ತಟ್ಟೆ ಮೇಜಿನ ಮೇಲೆ ಆಚೆ ಈಚೆ ಸರಿಯುತ್ತಿತ್ತು. ಬನ್ಸು ತಣ್ಣಗಾಗಿ ಚಕ್ಕಳದಂತಾದ ಮೇಲೆ ಹಮ್ಮಣ್ಣ ಬಂದು ಬಾಯಿಗೆ ಹಾಕಿಕೊಳ್ಳುತ್ತಿದ್ದ. "ನಿಮ್ಮಿಬ್ಬರಿಗೂ ಬ್ಯಾಡಾದ್ರೆ ಬನ್ಸೆಂತ ಪಾಪ ಮಾಡದೆ?" ಎನ್ನುತ್ತಿದ್ದ, ಬಾಯಿ ತುಂಬಿಕೊಂಡು. ಅವನ ಹೊಟ್ಟೆ ಮುಂದೆ ಬಂದದ್ದು ಅವರಿಬ್ಬರ ಉಪಚಾರದಿಂದಲೇ ಎಂದು ನಾನು ಹೇಳುತ್ತಿದ್ದೆ.

ಮಾಸ್ತರ ಈ ಗುಣ ಎಲ್ಲರಿಗೂ ಹಿತವಾಗಿತ್ತೆಂದು ಹೇಳಲಾರೆ. ನನಗೇ ಎಷ್ಟೋ ಸಲ ಸಿಟ್ಟು ಬಂದದ್ದುಂಟು. ತಮ್ಮ ವಿದ್ಯಾರ್ಥಿಗಳ ಲ್ಯಾಬಿನ ಸಮಯವನ್ನು ಬೇರೆ ವಿಭಾಗದವರು ಕೇಳಿದರೆ ಬಿಟ್ಟುಕೊಟ್ಟು ಬರುತ್ತಿದ್ದರು, ಆಮೇಲೆ ಹುಡುಗರನ್ನು ವರಾಂಡದಲ್ಲಿ ಕೂರಿಸಿಕೊಂಡು ಕಾಗದದ ಮೇಲೆ ಪ್ರೋಗ್ರಾಂ ಬರೆಸುತ್ತಿದ್ದರು. ತಮ್ಮದೇ ತರಗತಿಯ ಬಾಗಿಲಲ್ಲಿ ನಿಂತು "ಬರ್ಲನಾ?" ಎಂದು ಕೇಳುತ್ತಿದ್ದರು. ಹುಡುಗರು ಒಟ್ಟಾಗಿ "ಬನ್ನಿ ಸರ್" ಎಂದು ಕೂಗಿದ ಮೇಲೆಯೇ ಒಳಗೆ ಕಾಲಿಡುವುದು. ಬೇಸಿಗೆಯಲ್ಲಿ ಮನೆಯ ಕರಿ ಇಶಾಡ ಮಾವಿನ ಹಣ್ಣು ತಂದರೆ ಒಳ್ಳೆಯದನ್ನೆಲ್ಲ ಹಂಚಿ, ಪೆಟ್ಟು ಬಿದ್ದು ಕಪ್ಪಾದದ್ದನ್ನು ತಾವು ತಿನ್ನುವರು. "ಇವರ ಒಳ್ಳೇತನ ಇದೆಯಲ್ಲ, ಅದೂ ಒಂದು ನಮೂನೆ ಹಟವೇ" ಎಂದು ಅಕ್ಕೋರು ಒಮ್ಮೆ ಗೊಣಗಿದ್ದರು. ಅಕ್ಕೋರ ಹಟವೇನು ಕಮ್ಮಿಯಿತ್ತೇ?

ಹಳೆಯ ಕಂಪ್ಯೂಟರುಗಳು ಉಪ್ಪುಗಾಳಿಗೆ ತುಕ್ಕು ಹಿಡಿದು ಒಂದೊಂದಾಗಿ ಕೆಡುತ್ತಿದ್ದ ಕಾಲ ಅದು. ಅಷ್ಟನ್ನೂ ಹೊಸದಾಗಿ ಕೊಳ್ಳುವ ಬದಲು ಕಾಲೇಜಿನವರು ಒಂದು ದೊಡ್ಡ ಯಂತ್ರ ತಂದರು. ಅದರೊಳಗೆ ಹಲವು ಯಂತ್ರಗಳಿರುವಂತೆ ಮಾಡಿ, ಒಬ್ಬೊಬ್ಬ ಹುಡುಗನಿಗೆ ಒಂದೊಂದು ಕೊಡಬಹುದು ಎಂದು ಮಾಸ್ತರು, ಅಕ್ಕೋರು ಓದಿ ತಿಳಿದುಕೊಂಡಿದ್ದರು. ವರ್ಚುವಲ್ ಮಶೀನ್ ಎನ್ನುತ್ತಾರೆ. ನನಗೆ ಮಾಸ್ತರು ಹೇಳಿಕೊಟ್ಟದ್ದು ಹೀಗೆ: "ಒಂದು ಮನೇಲಿ ನಾಕು ಒಲೆ ಹೂಡಿದಂಗೆ ತಂಗೀ. ಪ್ರತಿ ಒಲೆ ಮುಂದಿನವ್ಳೂ ಇಡೀ ಮನೆ ತನ್ದೇ ಅಂದ್ಕಂಡಿರ್ತಾಳೆ. ಕೆಳಗೆ ಯಜಮಾನ ಕೂತ್ಕಂಡು ಎಲ್ರಿಗೂ ಅಕ್ಕಿ ಅಳೆದು ಕೊಡ್ತಾ ಇರ್ತಾನೆ. ಅವ್ನು ಇದ್ದಾನೆ ಅಂತ್ಲೇ ಇವ್ರಿಗೆ ಗೊತ್ತಿಲ್ಲ."

ಹುಡುಗರ ಪ್ರಯೋಗಕ್ಕೆ ಒಂದು ಹಲಗೆಯಿತ್ತು. ಅದರ ಮೇಲೆ ಕೆಂಪು, ಹಳದಿ, ಹಸಿರು ದೀಪ, ಪಕ್ಕದಲ್ಲಿ ಹೆಬ್ಬೆರಳಿನಷ್ಟು ಮೋಟಾರು. ಪ್ರೋಗ್ರಾಂ ಬರೆದು ಅದನ್ನು ಆಡಿಸಬೇಕು. ಇಂಥ ಸಾಧನಕ್ಕೂ ಯಂತ್ರಕ್ಕೂ ನಡುವೆ ಮಾತು ದಾಟಿಸುವ ಸಣ್ಣ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಹಲಗೆಯ ಡ್ರೈವರನ್ನು ಮಾಸ್ತರು ಬರೆದರು. ದೊಡ್ಡ ಯಂತ್ರದ ಚಿತ್ರವನ್ನು ನಮ್ಮ ಹಳೆಯ ಪರದೆಗಳಿಗೆ ತರುವ ಡ್ರೈವರನ್ನು ಅಕ್ಕೋರು ಬರೆದರು. ಪ್ರಾಯೋಗಿಕ ಪರೀಕ್ಷೆ ಹತ್ತಿರವಿತ್ತು. ಇಬ್ಬರೂ ಊಟದ ಡಬ್ಬಿ ಬಿಚ್ಚುವುದನ್ನೂ ಮರೆತು ಕೂರುತ್ತಿದ್ದರು.

ಎರಡನ್ನೂ ಒಟ್ಟಿಗೆ ಹಾಕಿದ ದಿನ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಪರದೆಯ ತುಂಬ ಹಸಿರು ಪಟ್ಟೆ. ಮೌಸ್ ಅಲುಗಿಸಿದರೆ ಹಲಗೆಯ ಮೇಲಿನ ಮೋಟಾರು ಗಿರ್ರೆಂದು ತಿರುಗುತ್ತದೆ. ಮೌಸ್ ಬಿಟ್ಟರೆ ನಿಲ್ಲುತ್ತದೆ. ಕೊನೆಗೆ ಕೆಂಪು ದೀಪ ಹೊತ್ತಿ ಇಡೀ ಯಂತ್ರ ಮರಗಟ್ಟಿತು.

"ಒಂದು ಕಾಯಿ ಒಡೆಸಿ ಮಾಸ್ತರೆ" ಎಂದ ಹಮ್ಮಣ್ಣ, ಬಾಗಿಲಾಚೆ ನಿಂತೇ. "ಇದಕ್ಕೆ ಎಂತದೋ ಮೆಟ್ಕಂಡದೆ."

ಕಾರಣ ಸಣ್ಣದು. ಪ್ರತಿ ಸಾಧನಕ್ಕೂ ಯಂತ್ರದ ಮೆಮೊರಿಯಲ್ಲಿ ಒಂದು ತುಂಡು ಜಾಗ ಬೇಕು. ಅಲ್ಲಿ ಬರೆದದ್ದೇ ಆ ಸಾಧನಕ್ಕೆ ಹೇಳಿದ ಮಾತು. ಕಂಪನಿಯಿಂದ ಬಂದ ಸಾಧನಗಳಿಗೆ ಯಂತ್ರವೇ ಏಳುವಾಗ ಜಾಗ ಹಂಚಿಕೊಡುತ್ತದೆ. ನಮ್ಮವೆರಡೂ ಮನೆಯಲ್ಲಿ ಹುಟ್ಟಿದವು. ಹಂಚಿಕೆಯೆಲ್ಲ ಮುಗಿದ ಮೇಲೆ ಬಂದು, ಖಾಲಿ ಕಂಡ ಕಡೆ ಕೂರುವಂಥವು. ಎರಡೂ ಒಂದೇ ಜಾಗವನ್ನು ಖಾಲಿ ಎಂದುಕೊಂಡು ಕೂತಿದ್ದವು. ಪರದೆಗೆ ಬರೆದದ್ದು ಮೋಟಾರಿಗೆ ಹೋಗುತ್ತಿತ್ತು, ದೀಪಕ್ಕೆ ಬರೆದದ್ದು ಪರದೆಗೆ.

ಅದು ಶನಿವಾರ. ನಾಳೆ ಮನೆಯಲ್ಲಿ ಕೂತು ವಿಚಾರ ಮಾಡೋಣ ಎಂದು ಇಬ್ಬರೂ ಬಸ್ಸು ಹಿಡಿದರು, ಒಬ್ಬರು ದಕ್ಷಿಣಕ್ಕೆ, ಒಬ್ಬರು ಉತ್ತರಕ್ಕೆ. ಸೋಮವಾರ ಬಂದವರ ಮುಖದಲ್ಲಿ ಸಮಾಧಾನವಿತ್ತು. ತಂದದ್ದನ್ನು ಹಾಕಿದರು. ಈ ಸಲ ಯಂತ್ರ ಮರಗಟ್ಟಲಿಲ್ಲ. ಹಾಗೆಂದು ನಡೆಯಲೂ ಇಲ್ಲ. ಹಸಿರು ದೀಪ ಮಿಣುಕ್ ಎಂದು ಆರಿತು. ಪರದೆಯಲ್ಲಿ ಚಿತ್ರ ಮೂಡಿ ಮಾಯವಾಯಿತು. ಮತ್ತೆ ದೀಪ, ಮತ್ತೆ ಚಿತ್ರ. ಸತ್ತಿಲ್ಲ, ಬದುಕಿಲ್ಲ. ಇಬ್ಬರೂ ಗಲ್ಲಕ್ಕೆ ಕೈ ಕೊಟ್ಟು ಎಷ್ಟೋ ಹೊತ್ತು ನೋಡಿದರು. ಮೊದಲು ನಕ್ಕವರು ಅಕ್ಕೋರು.

"ಮಾಸ್ತರೆ, ನಿಮ್ದು ಜಾಗದಲ್ಲಿ ಇನ್ನೊಬ್ರು ಕಂಡ್ರೆ ಎಂತ ಮಾಡ್ತದೆ?"

"ಎದ್ದು ಮುಂದಿನ ಜಾಗಕ್ಕೆ ಹೋಗ್ತದೆ. ನಿಮಗೆ ತೊಂದ್ರೆ ಆಗೂದು ಬ್ಯಾಡ ಅಂತ ಹಂಗೆ ಬರ್ದೆ."

"ನಂದೂ ಹಾಗೇ ಮಾಡ್ತದೆ!"

ಮಾಸ್ತರು ಹಣೆಗೆ ಕೈ ಬಡಿದುಕೊಂಡರು. ಡ್ರೈವರುಗಳು ಒಂದಕ್ಕಾಗಿ ಒಂದು ಎದ್ದು, ಎರಡೂ ಮುಂದಿನ ಜಾಗಕ್ಕೇ ಹೋಗಿ, ಅಲ್ಲಿಯೂ ಮುಖಾಮುಖಿಯಾಗಿ, ಅಲ್ಲಿಂದಲೂ ಏಳುತ್ತಿದ್ದವು. ಕಸಬರಿಗೆ ಹಿಡಿದು ಕೇಳುತ್ತಿದ್ದ ಹಮ್ಮಣ್ಣನಿಗೆ ಏನು ಅರ್ಥವಾಯಿತೋ, "ಇದು ಬನ್ಸಿಂದೇ ಕತೆ ಆಯ್ತಲ್ಲ" ಎಂದ.

ಆ ದಿನ ಮಾಸ್ತರು ತಮ್ಮ ಗಜನಿಯ ವಿಷಯ ಹೇಳಿದರು. ಹೊಳೆಬದಿಯ ಉಪ್ಪುನೀರಿನ ಗದ್ದೆಗೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಕಗ್ಗದ ಭತ್ತ, ಕೊಯ್ಲಾದ ಮೇಲೆ ಹೊಳೆನೀರು ಬಿಟ್ಟು ಸಿಗಡಿ. ಮಾಸ್ತರ ಮನೆ ಅಂಥ ಗಜನಿಯ ಆಚೆ ದಡದಲ್ಲಿತ್ತು. ಮನೆಗೆ ದಾರಿಯೆಂದರೆ ನೀರಿನ ನಡುವಿನ ಮಣ್ಣಿನ ಕಟ್ಟೆ, ಒಬ್ಬರು ನಡೆಯುವಷ್ಟೇ ಅಗಲ.

"ಎದ್ರಾಎದ್ರು ಬಂದ್ರೆ ಒಬ್ರು ನೀರಿಗೆ ಇಳಿಲೇ ಬೇಕು" ಎಂದರು ಮಾಸ್ತರು. "ನಂಗೆ ಸಣ್ಣಿದ್ದಾಗ ಯಾರು ಕಂಡ್ರೂ ದಡಕ್ಕನೆ ಇಳಿಯೂ ಚಟ. ಎದುರಿನವ್ರೂ ಇಳ್ದು ಬಿಡ್ತಿದ್ರು. ಇಬ್ರೂ ಕೆಸರಲ್ಲಿ, ಕಟ್ಟೆ ಖಾಲಿ! ಅಪ್ಪ ಬೈತಿದ್ದ. ಇಳಿಯೂದು ದೊಡ್ಡದಲ್ಲ, ಕೂಗಿ ಇಳಿ ಮಗನೇ ಅಂತ. ಇಳಿಯೂ ಮೊದ್ಲು 'ಇಳ್ದೆ' ಅಂತ ಕೂಗ್ಬೇಕು. ಅದು ಕೇಳಿದವ ನಿಂತಲ್ಲೇ ನಿಲ್ಬೇಕು. ನಮ್ಮಲ್ಲಿ ಅದೇ ರಿವಾಜು."

"ಇಬ್ರೂ ಒಟ್ಟಿಗೆ ಕೂಗಿದ್ರೆ?" ಎಂದರು ಅಕ್ಕೋರು.

"ತಲೆ ಮೇಲೆ ಹೊರೆ ಇದ್ದವ ನಿಲ್ಬೇಕು, ಬರಿಗೈಯವ ಇಳಿಬೇಕು. ಇಬ್ರ ಮೇಲೂ ಹೊರೆ ಇದ್ರೆ ಭಾರ ಹೆಚ್ಚಿದ್ದವ ನಿಲ್ಲೂದು."

"ಭಾರ ಯಾರ್ದು ಹೆಚ್ಚು ಅಂತ ಹೆಂಗೆ ತಿಳೀತದೆ?"

"ಕೇಳ್ಬೇಕು ಅಕ್ಕೋರೆ. ಬಾಯಿ ಎಂತಕ್ಕದೆ?"

ಅದನ್ನೇ ಡ್ರೈವರುಗಳಿಗೂ ಬರೆದರು. ಎರಡೂ ಓದಬಲ್ಲ ಒಂದು ಪುಟ್ಟ ಜಾಗವನ್ನು ಮೊದಲೇ ತೆಗೆದಿಟ್ಟರು. ಕೂರುವ ಮೊದಲು ತನಗೆಷ್ಟು ಜಾಗ ಬೇಕೆಂದು ಅಲ್ಲಿ ಬರೆಯಬೇಕು. ಇನ್ನೊಬ್ಬರು ಬರೆದದ್ದನ್ನು ಓದಬೇಕು. ಏಳುವುದಾದರೆ ಎದ್ದೆನೆಂದು ಅಲ್ಲಿ ಹೇಳಿಯೇ ಏಳಬೇಕು. ಹೆಚ್ಚು ಬೇಕಾದದ್ದು ನಿಲ್ಲುತ್ತದೆ, ಕಡಿಮೆ ಸಾಕಾದದ್ದು ಬೇರೆ ಕಡೆ ಹೋಗಿ, ಕೂತ ಜಾಗವನ್ನೂ ತಿಳಿಸುತ್ತದೆ. ಚಿತ್ರಕ್ಕೆ ಹೆಚ್ಚು ಜಾಗ ಬೇಕು, ದೀಪಕ್ಕೆ ತುಸು ಸಾಕು. ಹಾಗಾಗಿ ಇಳಿಯುವುದು ಯಾವಾಗಲೂ ಮಾಸ್ತರ ಡ್ರೈವರೇ. ಇಳಿದಾಗಲೆಲ್ಲ ಕಪ್ಪು ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ಇಳ್ದೆ" ಎಂದು ಮೂಡುವಂತೆ ಮಾಡಿದರು. ಪರೀಕ್ಷೆ ಸುಸೂತ್ರ ನಡೆಯಿತು. ಹೊರಗಿನಿಂದ ಬಂದ ಪರೀಕ್ಷಕರು "ಇದೇನಿದು?" ಎಂದು ಆ ಅಕ್ಷರಗಳನ್ನು ತೋರಿಸಿ ಕೇಳಿದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಮರುವರ್ಷದ ಬೇಸಿಗೆಯಲ್ಲಿ ಆ ಹುದ್ದೆ ನಿಜವಾಗಿಯೂ ಬಂತು.

ಬರಬಾರದ ಹೊತ್ತಿಗೆ ಬಂತು ಎನ್ನಬೇಕು. ಅಕ್ಕೋರ ಗಂಡ ಗೋವಾದಲ್ಲಿ ದೋಣಿ ಕಟ್ಟುವ ಕಡೆ ಕೆಲಸಕ್ಕಿದ್ದವರು, ಬೆನ್ನಿಗೆ ಪೆಟ್ಟಾಗಿ ಮನೆಯಲ್ಲಿ ಮಲಗಿದ್ದರು. ಇತ್ತ ಹಿಂದಿನ ಮಳೆಗಾಲದಲ್ಲಿ ಮಾಸ್ತರ ಗಜನಿಯ ಹೊರಗಟ್ಟೆ ಒಡೆದು ಉಪ್ಪುನೀರು ನುಗ್ಗಿ, ಬಿತ್ತಿದ್ದೆಲ್ಲ ಕರಗಿತ್ತು. ಅದರ ಹಿಂದಿನ ವರ್ಷವೂ ಅದೇ ಆಗಿತ್ತು. ಮಕ್ಕಳು ಇನ್ನೂ ಶಾಲೆಯಲ್ಲಿ. ಇಬ್ಬರ ತಲೆಯ ಮೇಲೂ ಹೊರೆ ಇತ್ತು. ಲ್ಯಾಬಿನಲ್ಲಿ ಇಬ್ಬರೂ ಆ ಮಾತೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತಿದ್ದರು. ಆ ದಿನಗಳಲ್ಲಿ ಬನ್ಸಿಗೆ ಸಹ ಜಗ್ಗಾಟ ನಡೆಯಲಿಲ್ಲ, ತಟ್ಟೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಮ್ಮಣ್ಣನೂ ಮುಟ್ಟಲಿಲ್ಲ.

ಇಬ್ಬರಲ್ಲಿ ಒಬ್ಬರಿಗೆ ಎಂದು ಇಡೀ ಕಾಲೇಜು ಕಾಯುತ್ತಿರುವಾಗ ಹುದ್ದೆ ಮೂರನೆಯವರಿಗೆ ಹೋಯಿತು. ಘಟ್ಟದ ಮೇಲಿನ ಒಬ್ಬ ತರುಣ ಬಂದ. ಪಾಪ, ಅವನದೇನೂ ತಪ್ಪಿರಲಿಲ್ಲ, ಚೆನ್ನಾಗಿಯೇ ಕಲಿಸಿದ. ಆದರೆ ಎಷ್ಟೋ ವರ್ಷ ದುಡಿದ ಇಬ್ಬರನ್ನು ಬಿಟ್ಟು ಹೀಗೇಕೆ ಮಾಡಿದರು ಎಂದು ನಾವೆಲ್ಲ ಆಡಳಿತ ಮಂಡಳಿಯ ಕಾರ್ಯದರ್ಶಿಯವರನ್ನು ಬೈದುಕೊಂಡೆವು. ಆ ಹಿರಿಯರು ಒಂದು ಮಾತೂ ಹೇಳಲಿಲ್ಲ.

ಜೂನಿನಲ್ಲಿ ಮಾಸ್ತರು ಹೊಸ ನೇಮಕಕ್ಕೆ ಅರ್ಜಿ ಹಾಕಲಿಲ್ಲ. ಹೋಗುವ ದಿನ ಲ್ಯಾಬಿಗೆ ಬಂದು, ಬಾಗಿಲಲ್ಲಿ ನಿಂತು "ಬರ್ಲನಾ?" ಎಂದರು. ಮೇಜಿನ ಅಂಚನ್ನು ಅಂಗೈಯಿಂದ ಸವರಿದರು. ನಾನು, "ಇನ್ನೆಂತ ಮಾಡ್ತ್ರಿ ಮಾಸ್ತರೆ?" ಎಂದು ಕೇಳಿದ್ದಕ್ಕೆ ಅದೇ ಮಾತು. ನಂಗೆ ಎಲ್ಲಾದ್ರೂ ಜಾಗ ಆಗ್ತದೆ ತಂಗೀ. ಅಕ್ಕೋರು ಆ ದಿನ ಬಂದಿರಲಿಲ್ಲ. ಆಮೇಲೆ ಅವರೂ ಬಿಟ್ಟು, ಗೋವಾದ ಕಾಣಕೋಣದ ಒಂದು ಶಾಲೆಗೆ ಗಡಿ ದಾಟಿ ಹೋಗಿಬರತೊಡಗಿದರು.

ಮಾಸ್ತರು ಅಂಕೋಲೆಯ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿಯ ಚಿಕ್ಕ ಅಂಗಡಿ ಇಟ್ಟರು. ಸಂತೆಗೆ ಹೋದಾಗ ನಾನು ಇಣುಕುತ್ತಿದ್ದೆ. ಅಂಗಡಿಯಲ್ಲಿ ಇದ್ದ ಒಂದೇ ಕುರ್ಚಿ ಬಂದ ಗಿರಾಕಿಗೆ, ಮಾಸ್ತರಿಗೆ ಸ್ಟೂಲು. ಬಿಚ್ಚಿಟ್ಟ ಯಂತ್ರದಿಂದ ತಲೆ ಎತ್ತಿ ಮೊದಲು ಕೇಳುವುದು, "ಅಕ್ಕೋರು ಹೆಂಗಿದ್ರು? ಅವ್ರಿಗಾದ್ರೂ ಕೊಡ್ಬೇಕಿತ್ತು ಆ ಜನ." ಅಕ್ಕೋರು ಯಾವಾಗಲಾದರೂ ಫೋನು ಮಾಡಿದರೆ, "ಮಾಸ್ತರನ್ನ ಕಂಡ್ರ್ಯಾ? ಅವ್ರಿಗಾದ್ರೂ ಕೊಡ್ಬೇಕಿತ್ತು" ಎನ್ನುವರು. ಇಬ್ಬರೂ ದೊಡ್ಡ ಮನಸ್ಸಿನವರು, ಹಾಗೆ ಹೇಳುತ್ತಾರೆ ಎಂದುಕೊಂಡೆ. ಅದರಾಚೆ ಏನಾದರೂ ಇದ್ದೀತೆಂದು ಹೊಳೆಯುವುದಕ್ಕೆ ನನ್ನ ಬಳಿ ಕಾರಣವಿರಲಿಲ್ಲ.

ಅವರು ಬಿಟ್ಟುಹೋದ ಯಂತ್ರ ಮಾತ್ರ ಲ್ಯಾಬಿನಲ್ಲೇ ಇತ್ತು. ಬೆಳಿಗ್ಗೆ ನಾನು ಹಚ್ಚಿದ ಕೂಡಲೇ ಕಪ್ಪು ಪರದೆಯ ಮೇಲೆ ಅದೇ ಮಾತು. ಇಳ್ದೆ. ಹೊಸ ಮಾಸ್ತರು ಅದನ್ನು ತೆಗೆಯೋಣವೇ ಎಂದಾಗ, ಇರಲಿ ಸರ್, ಏನೂ ಕಾಟವಿಲ್ಲ ಎಂದೆ.

ಸುದ್ದಿ ತಿಳಿದ ಮೇಲೆ ಅಕ್ಕೋರಿಗೆ ಫೋನು ಮಾಡಿದೆ. ಆ ಭಾನುವಾರ ಇಬ್ಬರೂ ಮಾಸ್ತರ ಮನೆಯವರನ್ನು ಮಾತಾಡಿಸಿ ಬರಲು ಹೊರಟೆವು. ಮಳೆ ಬಿಟ್ಟು ಹೊಳವಾಗಿತ್ತು. ಕಟ್ಟೆಯ ಎರಡೂ ಬದಿ ನೀರು, ನೀರಿನ ಮೇಲೆ ಕಗ್ಗದ ಹಸಿರು ತುದಿ. ಒಡೆದಿದ್ದ ಹೊರಗಟ್ಟೆಯನ್ನು ಮತ್ತೆ ಕಟ್ಟಿದ್ದರು. ಅಕ್ಕೋರು ಚಪ್ಪಲಿ ಕೈಯಲ್ಲಿ ಹಿಡಿದು, ಜಾರುವ ಮಣ್ಣಿನ ಮೇಲೆ ನನ್ನ ಹಿಂದೆ ಹಿಂದೆ ಬಂದರು. ಮಾಸ್ತರು ಹೇಳಿದ್ದ ಆ ಕಟ್ಟೆಯನ್ನು ಅವರು ಕಾಣುತ್ತಿದ್ದುದು ಅದೇ ಮೊದಲು.

ಮಾಸ್ತರ ಹೆಂಡತಿ ಜಗಲಿಯಲ್ಲಿ ಚಾಪೆ ಹಾಸಿದರು. ನಾನು ಪರಿಚಯ ಹೇಳುವ ಮೊದಲೇ, "ನೀವೇ ಅಲ್ದಾ, ಮಾಜಾಳಿ ಅಕ್ಕೋರು?" ಎಂದರು.

"ಹೌದು."

"ನಿಮ್ಮ ಸುದ್ದಿ ಹೇಳದ ದಿನ ಇಲ್ಲಾಗಿತ್ತು. ನಿಮ್ಮ ಮನೆಯವ್ರ ಬೆನ್ನು ಈಗ ಹೆಂಗದೆ?"

"ಈಗ ಓಡಾಡ್ತಾರೆ."

"ಅಷ್ಟಾದ್ರೂ ಆಯ್ತಲ್ಲ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಇವ್ರು ಆಗ ಸೆಕ್ರೆಟರಿಯವ್ರ ಮನೆಗೇ ಹೋಗಿ ಹೇಳಿ ಬಂದಿದ್ರು. ಅಕ್ಕೋರಿಗೇ ಕೊಡಿ, ಅವ್ರ ಹೊರೆ ದೊಡ್ಡದು, ನಂಗೆ ಎಲ್ಲಾದ್ರೂ ಜಾಗ ಆಗ್ತದೆ ಅಂತ. ನಾ ಬೈದೆ. ಗದ್ದೆ ಇಲ್ಲ, ಭತ್ತ ಇಲ್ಲ, ಕೈಗೆ ಬಂದದ್ದು ಬಿಟ್ಬಂದ್ರ್ಯಾ ಅಂತ ಎರಡು ದಿನ ಮಾತು ಬಿಟ್ಟೆ. ಹಂಗೆ ಮಾಡಿಯೂ ಆ ಮನ್ಷ ನಿಮಗೆ ಕೊಡ್ಲಿಲ್ಲ ನೋಡಿ. ನಿಮ್ಮದೂ ಹೋಯ್ತು, ನಮ್ಮದೂ ಹೋಯ್ತು. ಜ್ವರದಾಗೂ ಅದೇ ಬಡಬಡಿಸ್ತಿದ್ರು, ಅಕ್ಕೋರಿಗೆ ಮೋಸ ಆಯ್ತು, ಮೋಸ ಆಯ್ತು ಅಂತ."

ಅಕ್ಕೋರ ಕೈಯಲ್ಲಿದ್ದ ಬೆಲ್ಲದ ಕಾಫಿಯ ಲೋಟ ಅಲ್ಲೇ ನಿಂತಿತು. ಏನೋ ಹೇಳಲು ಬಾಯಿ ತೆರೆದರು. ಆ ಹೆಂಗಸಿನ ಬೋಳು ಹಣೆ ನೋಡಿ ಮುಚ್ಚಿದರು. ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಅವರ ಎರಡೂ ಕೈ ಹಿಡಿದುಕೊಂಡರು. ಗೋಡೆಯ ಮೊಳೆಗೆ ಮಾಸ್ತರ ಊಟದ ಡಬ್ಬಿಯ ಚೀಲ ನೇತಾಡುತ್ತಿತ್ತು.

ವಾಪಸು ಬರುವಾಗ ಕಟ್ಟೆಯ ಮೇಲೆ ಈ ಸಲ ಅಕ್ಕೋರು ಮುಂದೆ, ನಾನು ಹಿಂದೆ. ಹಿಂದೆ ತಿರುಗದೆಯೇ ಅವರು ಮಾತಾಡಿದರು.

"ನಾನೂ ಹೋಗಿದ್ದೆ."

"ಎಲ್ಲಿಗೆ ಅಕ್ಕೋರೆ?"

"ಸೆಕ್ರೆಟರಿಯವ್ರ ಮನೆಗೆ. ಮಾಸ್ತರಿಗೇ ಕೊಡಿ, ಅವ್ರ ಗಜನಿ ಹಾಳಾಗದೆ, ನಂಗೆ ಗೋವಾದಲ್ಲಿ ಎಲ್ಲಾದ್ರೂ ಆಗ್ತದೆ ಅಂತ ಹೇಳಿ ಬಂದಿದ್ದೆ. ನನ್ನ ಹೆಸರು ಹೇಳ್ಬೇಡಿ, ಮಾಸ್ತರಿಗೆ ಗೊತ್ತಾದ್ರೆ ತಗಳ್ಳೂದಿಲ್ಲ ಅಂತ ಆಣೆ ಹಾಕಿಸ್ಕಂಡು ಬಂದೆ." ನಾಲ್ಕು ಹೆಜ್ಜೆ ನಡೆದು ನಿಂತರು. "ಇವರೂ ಹಾಗೇ ಆಣೆ ಹಾಕ್ಸಿರ್ಬೇಕು. ಪಾಪ, ಆ ಮುದುಕ್ರನ್ನ ಇಷ್ಟು ವರ್ಷ ಶಪಿಸ್ದೆ ನಾನು. ಇಬ್ರೂ ಬ್ಯಾಡ ಅಂದ ಮೇಲೆ ಅವ್ರಾದ್ರೂ ಎಂತ ಮಾಡ್ತಾರೆ?"

ಮೇಜಿನ ಮೇಲೆ ಯಾರೂ ಮುಟ್ಟದ ಬನ್ಸಿನ ತಟ್ಟೆ ನನ್ನ ಕಣ್ಣಿಗೆ ಬಂತು.

"ದಿನಾ ಒಂದೇ ಮೇಜು" ಎಂದರು ಅಕ್ಕೋರು. "ಹೊರೆ ಯಾರ್ದು ಹೆಚ್ಚು ಅಂತ ಕೇಳ್ಬೇಕು ಅಂತ ಯಂತ್ರಕ್ಕೆ ಕಲಿಸ್ದೆವು. ನಾವು ಮಾತ್ರ ಕೇಳ್ಲಿಲ್ಲ. ಕೂಗ್ಲೇ ಇಲ್ಲ ನೋಡಿ, ಇಬ್ರೂ."

ಅಷ್ಟರಲ್ಲಿ ಎದುರಿನಿಂದ, ಕಟ್ಟೆಯ ಆ ತುದಿಯಲ್ಲಿ, ತಲೆಯ ಮೇಲೆ ಹಸಿಹುಲ್ಲಿನ ಹೊರೆ ಹೊತ್ತು ಒಬ್ಬ ಹೆಂಗಸು ಬರುತ್ತಿದ್ದಳು. ಹುಲ್ಲು ಕಣ್ಣಿಗೆ ಇಳಿಬಿದ್ದು ಅವಳಿಗೆ ನಾವು ಸರಿಯಾಗಿ ಕಂಡಿರಲಿಲ್ಲ. ಹತ್ತಿರಾಗಿ, ನಮ್ಮ ಸೀರೆಯ ಅಂಚು ಕಂಡಾಗ, ಪೇಟೆಯ ಹೆಂಗಸರೆಂದು ಒಂದು ಕಾಲನ್ನು ನೀರಿನ ಕಡೆ ಚಾಚಿದಳು.

"ಇಳ್ದೆ!"

ಅಕ್ಕೋರ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ತಿಳಿದಿರಲಿಲ್ಲ. ಆಚೆ ದಡದ ಕೊಕ್ಕರೆಗಳು ಎದ್ದು ಹಾರಿದವು. ಹೆಂಗಸು ಚಾಚಿದ ಕಾಲನ್ನು ಹಿಂದಕ್ಕೆಳೆದುಕೊಂಡು ನಿಂತಲ್ಲೇ ನಿಂತಳು. ಅಕ್ಕೋರು ಸೀರೆಯನ್ನು ಎತ್ತಿಕೊಳ್ಳದೆಯೇ ಕಟ್ಟೆಯಿಂದ ಇಳಿದರು. ಮೊಣಕಾಲಿನ ತನಕ ನೀರು. ನಾನೂ ಕೂಗಿ, ಅವರ ಹಿಂದೆ ಇಳಿದೆ. "ಹುಷಾರಿ ಅಕ್ಕಾ, ಜಾರ್ತದೆ" ಎನ್ನುತ್ತ ಹೆಂಗಸು ಹೊರೆ ಅಲುಗದಂತೆ ನಮ್ಮ ಪಕ್ಕದಿಂದ ದಾಟಿ, ಮಾಸ್ತರ ಮನೆಯ ಕಡೆಗೆ ಹೋದಳು.

ಕಟ್ಟೆ ಖಾಲಿಯಾದ ಮೇಲೆ ನಾನು ಹತ್ತಿ ಕೈ ನೀಡಿದೆ. ಅಕ್ಕೋರು ಹತ್ತಲಿಲ್ಲ. ಆ ಮನೆಯ ಕಡೆ ಮುಖ ಮಾಡಿ, ಕಗ್ಗದ ಸಸಿಗಳ ನಡುವೆ ಹಾಗೆಯೇ ನಿಂತಿದ್ದರು.